ಹಿಮನದಿಯ ದಂಡೆಯ ಹಟ್‌ನಲ್ಲಿ ಒಂದು ರಾತ್ರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ವಿಟ್ಜರ್ಲೆಂಡಿನ ಅಲೆಚ್ ಹಿಮನದಿಯ ದಂಡೆಯಲ್ಲಿ, 2,850 ಮೀಟರ್ ಎತ್ತರದ ಬಂಡೆಯ ಮೇಲೆ ಕುಳಿತಿರುವ ಕೊಂಕೋರ್ಡಿಯಾ ಹಟ್‌ನಲ್ಲಿ ಮಗನ ಜೊತೆ ಒಂದು ರಾತ್ರಿ ತಂಗಿದ್ದ ಅನುಭವವನ್ನು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಯುಂಗ್‌ಫ್ರೌಯೋಖ್ ರೈಲು ನಿಲ್ದಾಣದಿಂದ ಹಗ್ಗ ಕಟ್ಟಿಕೊಂಡು ಗೈಡ್ ಹಿಂದೆ ಮಂಜುಗಡ್ಡೆಯ ಮೇಲೆ ಮೂರು ಗಂಟೆ ಇಳಿದು, ಕೊನೆಗೆ ಕಬ್ಬಿಣದ ಮೆಟ್ಟಿಲು ಹತ್ತಿ ಆ ಮನೆ ಸೇರಿದ್ದೆವು. ಲೇಖನ ಓದಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ದಾವಣಗೆರೆಯ ಬಿಸಿಲಿನಲ್ಲಿ ಫ್ಯಾನಿನ ಕೆಳಗೆ ಕುಳಿತು ಹಿಮದ ವಿಷಯ ಬರೆಯುವುದರಲ್ಲಿ ಒಂದು ಸುಖವಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಪ್ರಶ್ನೆ: ಹಟ್ ಎಂದರೆ ಗುಡಿಸಲು ಎಂದು ಶಾಲೆಯಲ್ಲಿ ಕಲಿತವರು ನಾವು. ನಿಮ್ಮ ಲೇಖನದಲ್ಲಿ ಅದು ನೂರಕ್ಕೂ ಹೆಚ್ಚು ಜನ ಮಲಗುವ ಕಲ್ಲಿನ ಕಟ್ಟಡ. ಅದು ಲಾಡ್ಜೋ, ಧರ್ಮಛತ್ರವೋ? (ದಾವಣಗೆರೆಯ ಓದುಗರು)

ಉತ್ತರ: ಎರಡೂ ಅಲ್ಲ, ಆದರೆ ಎರಡರ ಗುಣವೂ ಅಷ್ಟಷ್ಟು ಇದೆ. ಹೆಸರು ಹಳೆಯ ಕಾಲದ್ದು. 1863ರಲ್ಲಿ ಸ್ವಿಸ್ ಆಲ್ಪೈನ್ ಕ್ಲಬ್ ಹುಟ್ಟಿತು; ಅದೇ ವರ್ಷ ಟೋಡಿ ಪರ್ವತದಲ್ಲಿ ಅದು ಕಟ್ಟಿದ ಮೊದಲ ಆಸರೆ ನಿಜಕ್ಕೂ ಗುಡಿಸಲಿನಷ್ಟೇ ಇತ್ತು. ಇಂದು ಆ ಕ್ಲಬ್ಬಿನ ಹಟ್‌ಗಳು ಸುಮಾರು 150 ಇವೆ. ಅವುಗಳಲ್ಲಿ 2009ರಲ್ಲಿ ತೆರೆದ ಮೊಂಟೆ ರೋಸಾ ಹಟ್‌ನಂತಹವು ಸೌರಫಲಕ ಹೊದ್ದ ಹೊಳೆಯುವ ಕಟ್ಟಡಗಳು. ಆದರೂ ಕರೆಯುವುದು ಹಟ್ ಎಂದೇ. ನಮ್ಮ ಚಿತ್ರದುರ್ಗದ ಕಡೆಯ ಗೊಲ್ಲರಹಟ್ಟಿಗಳಲ್ಲಿ ಆರ್‌ಸಿಸಿ ಮನೆಗಳೆದ್ದು ಎಷ್ಟೋ ವರ್ಷವಾದರೂ ಊರಿಗೆ ಹಟ್ಟಿ ಎಂಬ ಹೆಸರೇ ಉಳಿದಿರುವ ಹಾಗೆ. ಹಟ್ಟಿಗೂ ಹಟ್‌ಗೂ ಮೂಲದಲ್ಲಿ ಸಂಬಂಧವೇನಿಲ್ಲ. ಕಿವಿಗೆ ಮಾತ್ರ ನೆಂಟರು.

ಕಟ್ಟಡ ಕ್ಲಬ್ಬಿನದು, ನಡೆಸುವವರು ಅಲ್ಲೇ ವಾಸವಿರುವ ಮೇಲ್ವಿಚಾರಕರು. ಸಾಮಾನ್ಯವಾಗಿ ಒಂದು ಕುಟುಂಬ, ಜೊತೆಗೆ ಇಬ್ಬರೋ ಮೂವರೋ ಸಹಾಯಕರು. ಸದಸ್ಯರಲ್ಲದವರೂ ಮುಂಚಿತವಾಗಿ ಕಾಯ್ದಿರಿಸಿ ತಂಗಬಹುದು. ಸದಸ್ಯರಿಗೆ ಮಲಗುವ ಶುಲ್ಕದಲ್ಲಿ ರಿಯಾಯಿತಿ ಇರುತ್ತದೆ, ಅಷ್ಟೇ. ರಾತ್ರಿಯ ಊಟ, ಹಾಸಿಗೆ, ಬೆಳಗಿನ ತಿಂಡಿ ಸೇರಿ ಒಬ್ಬರಿಗೆ ಸಾಮಾನ್ಯವಾಗಿ 70ರಿಂದ 100 ಫ್ರಾಂಕ್ ಆಗುತ್ತದೆ. ಪ್ರತ್ಯೇಕ ಕೋಣೆ ಎಂಬುದು ಅಪರೂಪ. ಉದ್ದನೆಯ ಮರದ ಅಟ್ಟದ ಮೇಲೆ ಸಾಲಾಗಿ ಹಾಸಿದ ಹಾಸಿಗೆಗಳು, ಒಂದೊಂದರ ಮೇಲೂ ಮಡಿಸಿಟ್ಟ ಕಂಬಳಿ ಮತ್ತು ದಿಂಬು. ನಿಮ್ಮ ಎಡಕ್ಕೆ ಒಬ್ಬ ಜರ್ಮನ್ ವಕೀಲ, ಬಲಕ್ಕೆ ಒಬ್ಬ ಇಟಲಿಯ ಬಡಗಿ ಮಲಗಿರಬಹುದು. ನಮ್ಮ ಕಡೆ ಮದುವೆ ಛತ್ರದ ಮಹಡಿಯ ಮೇಲೆ ಗಂಡಿನ ಕಡೆಯವರೆಲ್ಲ ಜಮಖಾನದ ಮೇಲೆ ಉರುಳಿಕೊಂಡ ಚಿತ್ರವನ್ನು ನೆನೆದರೆ ಸಾಕು, ಗದ್ದಲವೊಂದನ್ನು ಬಿಟ್ಟು.

ಅಲ್ಲಿಗೆ ರಸ್ತೆಯಿಲ್ಲ. ಹಿಟ್ಟು, ಬೇಳೆ, ಗ್ಯಾಸ್, ಸೌದೆ ಎಲ್ಲವೂ ಹೆಲಿಕಾಪ್ಟರಿನಲ್ಲಿ ಬರುತ್ತವೆ. ಬಳಕೆಯ ನೀರು ಮಾತ್ರ ಕರಗುವ ಹಿಮದಿಂದ ಬರುವುದು. ಕುಡಿಯುವ ನೀರಿನ ಒಂದೂವರೆ ಲೀಟರಿನ ಬಾಟಲಿಯ ಬೆಲೆ ಕೇಳಿ ಹೌಹಾರುವ ಮೊದಲು ಅದು ಯಾವ ವಾಹನದಲ್ಲಿ ಬಂತು ಎಂಬುದನ್ನು ನೆನೆಯಬೇಕು.

ಪ್ರಶ್ನೆ: ರಾತ್ರಿ ಹತ್ತಕ್ಕೆ ಎಲ್ಲರೂ ಮೌನವಾಗಬೇಕು, ನಸುಕಿನ ಮೂರಕ್ಕೆ ಏಳುವವರು ಏಳುತ್ತಾರೆ, ರಾತ್ರಿಯೂಟ ಆರೂವರೆಗೇ ಎಂದೆಲ್ಲ ಬರೆದಿದ್ದೀರಿ. ರಜೆಗೆಂದು ಹೋದವರಿಗೆ ಈ ಹಾಸ್ಟೆಲ್ ಶಿಸ್ತು ಏಕೆ? (ಚಿತ್ರದುರ್ಗದ ಶಿಕ್ಷಕಿಯೊಬ್ಬರು)

ಉತ್ತರ: ಬಂದ ಪತ್ರಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದ ಪ್ರಶ್ನೆ ಇದು. ಮೊದಲ ಸಂಜೆ ನಾನೂ ಮಗನ ಮುಂದೆ ಇದನ್ನೇ ಗೊಣಗಿದ್ದೆ. ಆ ಶಿಸ್ತನ್ನು ಮೇಲ್ವಿಚಾರಕರು ಹೇರಿದ್ದಲ್ಲ, ಹಿಮನದಿ ಹೇರಿದ್ದು ಎಂಬುದು ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅರ್ಥವಾಯಿತು.

ಹಿಮನದಿ ಎಂದರೆ ನಿಂತ ಮಂಜುಗಡ್ಡೆಯಲ್ಲ. ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ನಿಧಾನವಾಗಿ ಹರಿಯುವ ಗಡ್ಡೆ. ಅಲೆಚ್ 20 ಕಿಲೋಮೀಟರಿಗೂ ಉದ್ದವಿದೆ; ಆಲ್ಪ್ಸ್‌ನಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಹಾಗೆ ಹರಿಯುವಾಗ ಕೆಳಗಿನ ಬಂಡೆ ಉಬ್ಬಿದ ಕಡೆ, ಕಣಿವೆ ತಿರುಗಿದ ಕಡೆ ಗಡ್ಡೆ ಎಳೆತ ತಾಳದೆ ಸೀಳುತ್ತದೆ. ಬೇಸಿಗೆಯಲ್ಲಿ ಬಿರಿದ ನಮ್ಮ ಎರೆಭೂಮಿಯ ಬಿರುಕುಗಳನ್ನು ನೋಡಿದವರಿಗೆ ಆ ಆಕಾರ ಹೊಸದೇನಲ್ಲ. ಆದರೆ ಎರೆಹೊಲದ ಬಿರುಕಿಗೆ ಕಾಲಿನ ಹೆಬ್ಬೆರಳು ಸಿಕ್ಕರೆ, ಹಿಮನದಿಯ ಬಿರುಕಿಗೆ ಮನುಷ್ಯನೇ ಇಡಿಯಾಗಿ ಸಿಕ್ಕುತ್ತಾನೆ. ಹತ್ತಾರು ಮೀಟರ್ ಆಳದ ಈ ಬಿರುಕುಗಳ ಬಾಯಿಯ ಮೇಲೆ ಚಳಿಗಾಲದ ಹಿಮ ಗಾಳಿಗೆ ಬಂದು ಕೂತು ಮುಚ್ಚಳದಂತೆ ಸೇತುವೆ ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಬಿಳಿ ಬಯಲು.

ಆ ಸೇತುವೆ ನಿಮ್ಮ ಭಾರ ಹೊರುತ್ತದೆಯೋ ಇಲ್ಲವೋ ಎಂಬುದನ್ನು ಗಡಿಯಾರ ನಿರ್ಧರಿಸುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹಗಲು ಕರಗಿ ಹಿಮದ ಕಣಗಳ ನಡುವೆ ಇಳಿದಿದ್ದ ನೀರು ಮತ್ತೆ ಹೆಪ್ಪುಗಟ್ಟಿ ಕಣಕ್ಕೆ ಕಣವನ್ನು ಬೆಸೆಯುತ್ತದೆ. ನಸುಕಿನ ನಾಲ್ಕು ಗಂಟೆಗೆ ಅದೇ ಸೇತುವೆಯ ಮೇಲೆ ಬೂಟಿನ ಮುಳ್ಳು ಊರಿದರೆ ಗಾರೆ ನೆಲದ ಮೇಲೆ ನಡೆದಂತೆ ಕರಕರ ಸದ್ದು ಬರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿಯೇ ಮೊಣಕಾಲವರೆಗೆ ಹೂತುಹೋಗುತ್ತದೆ. ಒಳಗೆ ಕುಸಿಯುವ ಅಪಾಯ ಹೆಚ್ಚುವುದು ಆಗಲೇ. ಇದೊಂದೇ ಅಲ್ಲ: ರಾತ್ರಿಯ ಹೆಪ್ಪು ಹಿಡಿದಿಟ್ಟಿದ್ದ ಕಲ್ಲುಗಳು ಬಿಸಿಲು ತಾಗಿದ ಮೇಲೆ ಸಡಿಲಾಗಿ ಉರುಳುತ್ತವೆ, ಬೆಳಿಗ್ಗೆ ದಾಟಿದ ಕರಗುನೀರಿನ ತೊರೆ ಸಂಜೆಗೆ ದಾಟಲಾಗದಷ್ಟು ತುಂಬುತ್ತದೆ, ಬೇಸಿಗೆಯಲ್ಲಿ ಗುಡುಗು ಮಿಂಚಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರವೇ ಬರುತ್ತದೆ. ಆದ್ದರಿಂದ ಶಿಖರಕ್ಕೆ ಹೋಗುವವರು ನಡುಹಗಲಿಗೆ ಮುಂಚೆ ಹಿಮ ಬಿಟ್ಟು ಇಳಿದಿರಬೇಕು. ಅಷ್ಟರಲ್ಲಿ ಇಳಿಯಬೇಕಾದರೆ ನಾಲ್ಕಕ್ಕೆ ಹೊರಡಬೇಕು, ನಾಲ್ಕಕ್ಕೆ ಹೊರಡಬೇಕಾದರೆ ಮೂರಕ್ಕೆ ತಿಂಡಿ, ಮೂರಕ್ಕೆ ಏಳಬೇಕಾದವರು ಒಂಬತ್ತಕ್ಕೆ ಮಲಗಬೇಕು, ಹಾಗಾದರೆ ಊಟ ಆರೂವರೆಗೆ. ರೈತನ ದಿನಚರಿಯನ್ನು ಮಳೆ ನಿರ್ಧರಿಸುವಂತೆ ಅಲ್ಲಿಯ ಅಡುಗೆಮನೆಯ ವೇಳಾಪಟ್ಟಿಯನ್ನು ಹೆಪ್ಪುಗಟ್ಟುವ ಹೊತ್ತು ನಿರ್ಧರಿಸುತ್ತದೆ.

ಸಂಜೆ ಊಟದ ಮೇಜಿಗೆ ಬಂದ ಮೇಲ್ವಿಚಾರಕಿ ಪ್ರತಿ ತಂಡವನ್ನೂ ಕೇಳಿದ್ದು ಎರಡೇ ಮಾತು: ನಾಳೆ ಎಲ್ಲಿಗೆ, ತಿಂಡಿ ಎಷ್ಟು ಗಂಟೆಗೆ. ನಾವು ಶಿಖರಕ್ಕೆ ಹೋಗುವವರಲ್ಲ, ಹಿಮನದಿಯ ಮೇಲೆಯೇ ಮರಳುವವರು; ಆರು ಗಂಟೆಯ ಪಟ್ಟಿಗೆ ನಮ್ಮ ಹೆಸರು ಸೇರಿತು. ಮೂರಕ್ಕೆ ಎದ್ದವರು ಹೊರಟ ಸದ್ದು ನನಗೆ ಕೇಳಿಸಲೇ ಇಲ್ಲ. ಅವರು ಚೀಲವನ್ನು ಹಿಂದಿನ ರಾತ್ರಿಯೇ ಕಟ್ಟಿ ಕೋಣೆಯ ಹೊರಗಿಟ್ಟಿದ್ದರು. ಹಟ್‌ಗಳಲ್ಲಿ ಎಲ್ಲರೂ ಬೈದುಕೊಳ್ಳುವ ಒಂದು ಸದ್ದಿದೆ. ಅದು ಗೊರಕೆಯಲ್ಲ, ನಡುರಾತ್ರಿ ಯಾರೋ ಪ್ಲಾಸ್ಟಿಕ್ ಚೀಲದೊಳಗೆ ಏನನ್ನೋ ಹುಡುಕುವ ಸರಸರ. ಗೊರಕೆಗೆ ಕ್ಷಮೆಯಿದೆ, ಇದಕ್ಕಿಲ್ಲ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವವರಲ್ಲ. ಅಂತಹ ಜಾಗದಲ್ಲಿ ಊಟದ ಗತಿಯೇನು? ಶೌಚಾಲಯದ ವ್ಯವಸ್ಥೆ ಹೇಗೆ? ಸಂಕೋಚವಿಲ್ಲದೆ ತಿಳಿಸಿ. (ದಾವಣಗೆರೆಯ ಗೃಹಿಣಿಯೊಬ್ಬರು)

ಉತ್ತರ: ಅಮ್ಮಾ, ಊಟದ ಗತಿ ನೀವು ಹೆದರಿದಷ್ಟು ಕೆಟ್ಟದ್ದಿಲ್ಲ. ಅಲ್ಲಿ ಮೆನು ಕಾರ್ಡ್ ಇರುವುದಿಲ್ಲ. ಎಲ್ಲರಿಗೂ ಒಂದೇ ಅಡುಗೆ: ಮೊದಲು ಸೂಪ್, ಆಮೇಲೆ ಮುಖ್ಯ ಊಟ, ಕೊನೆಗೆ ಸಿಹಿ. ಕಾಯ್ದಿರಿಸುವಾಗಲೇ ಸಸ್ಯಾಹಾರಿ ಎಂದು ಬರೆದು, ಮೊಟ್ಟೆಯೂ ಬೇಡ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಿದರೆ ಬೇರೆ ಮಾಡಿಕೊಡುತ್ತಾರೆ. ಅಲ್ಲಿಗೆ ಹೋಗಿ ಊಟದ ಹೊತ್ತಿಗೆ ಹೇಳಿದರೆ ಆಗುವುದಿಲ್ಲ, ಏಕೆಂದರೆ ಸಾಮಾನು ಹೆಲಿಕಾಪ್ಟರಿನಲ್ಲಿ ಎಣಿಸಿ ತಂದದ್ದು. ಸೂಪಿನ ಸಾರು ಮಾಂಸದ ಮೂಳೆಯಿಂದ ಮಾಡಿದ್ದೋ ಎಂದು ಕೇಳಿಕೊಳ್ಳಿ. ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ನಮಗೆ ಸಿಕ್ಕದ್ದು ಟೊಮೆಟೊ ಹಾಕಿದ ಪಾಸ್ತಾ, ತುರಿದ ಆಲೂಗೆಡ್ಡೆಯನ್ನು ದಪ್ಪ ರೊಟ್ಟಿಯ ಹಾಗೆ ಬಾಣಲೆಯಲ್ಲಿ ಕೆಂಪಗೆ ಮಾಡಿದ ರೋಶ್ಟಿ, ಮೇಲೆ ಚೀಸ್. ಉಪ್ಪು ಇತ್ತು, ಖಾರ ಇರಲಿಲ್ಲ. ನನ್ನವಳು ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯ ಪೊಟ್ಟಣ ಬಿಚ್ಚಿದೆವು; ಎದುರಿಗಿದ್ದ ಇಬ್ಬರು ಬೆಲ್ಜಿಯಂ ಹುಡುಗರು ಅರ್ಧ ಖಾಲಿ ಮಾಡಿದರು.

ಕೊಂಡೊಯ್ಯುವುದಾದರೆ ಪುಡಿ, ಖಡಕ್ ರೊಟ್ಟಿ, ಶೇಂಗಾ ಚಿಕ್ಕಿ ಒಯ್ಯಿರಿ. ಮಂಡಕ್ಕಿ ತೂಕಕ್ಕೆ ಹಗುರವಾದರೂ ಚೀಲವನ್ನೆಲ್ಲ ತಾನೇ ಆಕ್ರಮಿಸುತ್ತದೆ. ನಾನು ಒಯ್ದು ಅನುಭವಿಸಿದ್ದೇನೆ. ಬೆಣ್ಣೆ, ತುಪ್ಪ, ಪೇಢೆ ಮಾತ್ರ ಬೇಡ: ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಅಲ್ಲಿಯ ಕಾನೂನಿನಲ್ಲಿ ನಿಷೇಧವಿದೆ, ವಿಮಾನ ನಿಲ್ದಾಣದಲ್ಲೇ ಎಸೆಯಬೇಕಾಗುತ್ತದೆ. ಇನ್ನೊಂದು ಸಂಗತಿ ನಿಮಗೆ ರುಚಿಸಬಹುದು. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹೆಚ್ಚಿಸಿದರೂ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು ಬೇಕು. ಅಡುಗೆಮನೆಯಲ್ಲಿ ನಮ್ಮ ಮನೆಯದರ ನಾಲ್ಕರಷ್ಟು ದೊಡ್ಡ ಪ್ರೆಷರ್ ಕುಕ್ಕರ್ ಕಂಡೆ.

ಶೌಚಾಲಯಗಳು ಹಲವು ಕಡೆ ಕಟ್ಟಡದ ಹೊರಗಿರುತ್ತವೆ, ಬಹಳಷ್ಟು ಒಣ ಶೌಚಾಲಯಗಳು. ಕಾಗದವೇ ಗತಿ, ಬೇಕಾದವರು ಸಣ್ಣ ಬಾಟಲಿಯಲ್ಲಿ ನೀರು ಒಯ್ಯಬೇಕು. ಸ್ನಾನದ ಆಸೆ ಬಿಡಿ. ರಾತ್ರಿ ಎದ್ದು ಹೋಗುವಾಗ ಟಾರ್ಚ್ ಮತ್ತು ಸ್ವೆಟರ್ ಕೈಗೆಟುಕುವ ಹಾಗಿರಲಿ.

ಪ್ರಶ್ನೆ: ನನಗೆ 61, ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ. ಜೋಗಿಮಟ್ಟಿಯನ್ನು ಈಗಲೂ ನಿಲ್ಲದೆ ಹತ್ತುತ್ತೇನೆ. ಅಳಿಯನ ಮನೆ ಇಂಟರ್‌ಲಾಕೆನ್ ಹತ್ತಿರ. ಯುಂಗ್‌ಫ್ರೌಯೋಖ್‌ಗೆ ರೈಲಿನಲ್ಲಿ ಹೋಗಿ ಅಂದೇ ಹಟ್‌ಗೆ ನಡೆಯಬಹುದೆ? (ಹೊಳಲ್ಕೆರೆಯ ಓದುಗರು)

ಉತ್ತರ: ನಡೆಯುವ ಶಕ್ತಿ ನಿಮಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸಂಶಯ ಇರುವುದು ರೈಲಿನ ವೇಗದ ಬಗ್ಗೆ. ಇಂಟರ್‌ಲಾಕೆನ್ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ನಮ್ಮ ದಾವಣಗೆರೆಯಷ್ಟೇ ಎತ್ತರದಲ್ಲಿದೆ. 1912ರಿಂದ ಓಡುತ್ತಿರುವ ಆ ಬೆಟ್ಟದ ರೈಲು ನಿಮ್ಮನ್ನು ಎರಡು ಗಂಟೆಯ ಆಚೀಚೆ 3,454 ಮೀಟರಿಗೆ ಒಯ್ದು ಇಳಿಸುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ ಅದು ಒಂದೂವರೆ ಸಾವಿರ ಮೀಟರ್ ಮೇಲೆ. ಅಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲು. ಪ್ಯಾಕೇಜ್ ಟೂರಿನಲ್ಲಿ ಹೋದ ನಮ್ಮವರು ಅಲ್ಲಿ ತಲೆ ಹಿಡಿದುಕೊಂಡು ಕೂರುವುದು ಚಳಿಯಿಂದಲ್ಲ, ಇದರಿಂದ.

ಎತ್ತರದ ಕಾಯಿಲೆ 2,500 ಮೀಟರ್ ದಾಟಿದ ಮೇಲೆ ಯಾರಿಗೂ ಬರಬಹುದು, ವಯಸ್ಸಿಗೂ ಗಟ್ಟಿತನಕ್ಕೂ ಅದು ಮರ್ಯಾದೆ ಕೊಡುವುದಿಲ್ಲ. ಮೊದಲು ತಲೆನೋವು, ಹಸಿವು ಕಟ್ಟುವುದು, ವಾಕರಿಕೆ, ನಿದ್ದೆ ಬಾರದಿರುವುದು. ಅಷ್ಟಕ್ಕೆ ನಿಂತರೆ ಮೇಲೆ ಹತ್ತದೆ ವಿಶ್ರಾಂತಿ ಪಡೆದರೆ ಸಾಕು. ಸುಮ್ಮನೆ ಕುಳಿತಾಗಲೂ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗಲಿಬಿಲಿ ಕಂಡರೆ ಅದು ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬುತ್ತಿರುವ ಲಕ್ಷಣ. ರಾತ್ರಿಯಾದರೂ ಸರಿ, ತಕ್ಷಣ ಕೆಳಗಿಳಿಸಬೇಕು. ಈ ಕಾಯಿಲೆಯ ಬಗ್ಗೆ ವೈದ್ಯಶಾಸ್ತ್ರ ಕಲಿತದ್ದರಲ್ಲಿ ಒಂದು ಭಾಗ ಇಂತಹ ಹಟ್ ಒಂದರಲ್ಲೇ ಕಲಿತದ್ದು. ಇಟಲಿಯ ಗಡಿಯಲ್ಲಿ 4,554 ಮೀಟರ್ ಎತ್ತರದ ಶಿಖರದ ತುದಿಯಲ್ಲಿ 1893ರಲ್ಲಿ ತೆರೆದ ಮಾರ್ಗೆರಿಟಾ ಹಟ್ ಯುರೋಪಿನಲ್ಲೇ ಅತಿ ಎತ್ತರದ ಕಟ್ಟಡ. ಇಟಲಿಯ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಅಲ್ಲಿಯೇ ಸೈನಿಕರ ಉಸಿರು, ನಾಡಿ ಅಳೆದು ಸಂಶೋಧನೆ ಆರಂಭಿಸಿದರು, ಆ ಪರಂಪರೆ ಇಂದಿಗೂ ಮುಂದುವರಿದಿದೆ.

ನೀವು ಮಾಡಬೇಕಾದದ್ದು ಇಷ್ಟು. ನಿಮ್ಮ ವೈದ್ಯರಿಗೆ ಎತ್ತರದ ಅಂಕಿ ಸಮೇತ ಎಲ್ಲವನ್ನೂ ತಿಳಿಸಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಎಂಬ ಮಾತ್ರೆ ನಿಮಗೆ ಬೇಕೆ, ಈಗಿನ ಮಾತ್ರೆಗೆ ಅದು ಹೊಂದುತ್ತದೆಯೆ ಎಂಬುದನ್ನು ಅವರೇ ಹೇಳಬೇಕು, ಔಷಧಿ ಅಂಗಡಿಯವರಲ್ಲ. ಹಟ್‌ಗೆ ಹೋಗುವ ಮೊದಲು 2,000 ಮೀಟರ್ ಆಸುಪಾಸಿನ ಹಳ್ಳಿಯೊಂದರಲ್ಲಿ ಎರಡು ರಾತ್ರಿ ಮಲಗಿ. ಹಗಲು ಎಷ್ಟು ಎತ್ತರಕ್ಕೆ ಹೋದಿರಿ ಎಂಬುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎಂಬುದು ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬುದು ಎಲ್ಲ ಕಡೆ ಪಾಲಿಸುವ ನಿಯಮ. ಪ್ರಯಾಣ ವಿಮೆಯ ಕಾಗದದಲ್ಲಿ ಪರ್ವತಾರೋಹಣ, ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿವೆಯೇ ಎಂದು ಕನ್ನಡಕ ಹಾಕಿಕೊಂಡು ಓದಿ. ಸ್ವಿಟ್ಜರ್ಲೆಂಡಿನ ವಾಯುರಕ್ಷಣಾ ಸಂಸ್ಥೆ ರೇಗಾದ ದೂರವಾಣಿ ಸಂಖ್ಯೆ 1414. ಅದು ಬಂದು ಎತ್ತಿಕೊಂಡು ಹೋಗುತ್ತದೆ, ಆಮೇಲೆ ಬಿಲ್ಲೂ ಬರುತ್ತದೆ.

ಪ್ರಶ್ನೆ: ಕೋಟೆಯ ಬಂಡೆಗಳನ್ನು ಚಿಕ್ಕಂದಿನಿಂದ ಬರಿಗೈಯಲ್ಲಿ ಹತ್ತಿದವನು ನಾನು. ಹಿಮನದಿಗೆ ಗೈಡ್ ಬೇಕೇಬೇಕೆ? ಗೈಡ್ ಖರ್ಚು ದುಬಾರಿ ಎಂದು ಕೇಳಿದ್ದೇನೆ. (ಚಿತ್ರದುರ್ಗದ ವಿದ್ಯಾರ್ಥಿ)

ಉತ್ತರ: ಬೇಕೇಬೇಕು. ಬಂಡೆ ಹತ್ತುವವನಿಗೆ ಅಪಾಯ ಕಣ್ಣೆದುರಿಗಿರುತ್ತದೆ. ಹಿಡಿ ಎಲ್ಲಿ ಸಡಿಲ, ಕಾಲು ಎಲ್ಲಿ ಜಾರುತ್ತದೆ ಎಂಬುದನ್ನು ಬೆರಳು ಹೇಳುತ್ತದೆ. ಓಬವ್ವನ ಕಿಂಡಿ ಕಣ್ಣಿಗೆ ಕಾಣುವ ಕಿಂಡಿ. ಹಿಮನದಿಯ ಕಿಂಡಿಯ ಮೇಲೆ ಬಿಳಿ ಹೊದಿಕೆಯಿರುತ್ತದೆ, ಅದರ ಮೇಲೆ ನಿನ್ನೆ ಯಾರೋ ನಡೆದ ಹೆಜ್ಜೆಯೂ ಇರುತ್ತದೆ, ಆ ಹೆಜ್ಜೆಯನ್ನು ನಂಬಿಯೇ ಜನ ಬೀಳುತ್ತಾರೆ. ಹಿಮ ಮುಚ್ಚಿದ ಹಿಮನದಿಯ ಮೇಲೆ ಒಬ್ಬನೇ ನಡೆಯುವುದು ಸಾಹಸವಲ್ಲ, ದುಡುಕು.

ಹಗ್ಗದ ಲೆಕ್ಕವನ್ನೂ ತಿಳಿದಿರಿ. ಸಾಮಾನ್ಯವಾಗಿ ಮೂರರಿಂದ ಐದು ಜನ ಒಂದೇ ಹಗ್ಗಕ್ಕೆ, ಒಬ್ಬರಿಂದ ಒಬ್ಬರಿಗೆ ಸುಮಾರು ಹತ್ತು ಮೀಟರ್ ಅಂತರದಲ್ಲಿ ಕಟ್ಟಿಕೊಳ್ಳುತ್ತಾರೆ. ಹಗ್ಗ ನೆಲಕ್ಕೆ ತಾಗೀತೋ ಇಲ್ಲವೋ ಎಂಬಷ್ಟು ಬಿಗಿಯಾಗಿರಬೇಕು. ಹಗ್ಗವನ್ನು ಸುರುಳಿ ಮಾಡಿ ಕೈಯಲ್ಲಿ ಹಿಡಿದು ಹರಟುತ್ತ ನಡೆದರೆ ಕಟ್ಟಿಕೊಂಡದ್ದೇ ದಂಡ. ಮುಂದಿನವನು ಕುಸಿದರೆ ಹಿಂದಿನವರು ತಕ್ಷಣ ನೆಲಕ್ಕೆ ಬಿದ್ದು ಭಾರ ತಡೆಯುತ್ತಾರೆ. ತಡೆಯುವುದು ಅರ್ಧ ಕೆಲಸ. ಹಿಮದೊಳಗೆ ಗೂಟ ಹೂತು, ಸರಿಯುವ ಗಂಟು ಹಾಕಿ, ರಾಟೆಯಂತೆ ಹಗ್ಗ ಮಡಚಿ ಅವನನ್ನು ಮೇಲೆಳೆಯುವುದು ಇನ್ನರ್ಧ, ಅದು ಕಲಿಯದೆ ಬರುವ ವಿದ್ಯೆಯಲ್ಲ. ನಿಮಗೆ ಆ ವಿದ್ಯೆಯ ಮೇಲೆ ಮನಸ್ಸಿದ್ದರೆ ಆಲ್ಪ್ಸ್‌ಗೆ ಹೋಗುವ ಅಗತ್ಯವೇ ಇಲ್ಲ. 1954ರಲ್ಲಿ ಆರಂಭವಾದ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, 1965ರಲ್ಲಿ ಆರಂಭವಾದ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಇವೆರಡೂ ಸುಮಾರು ನಾಲ್ಕು ವಾರಗಳ ಪ್ರಾಥಮಿಕ ಶಿಬಿರದಲ್ಲಿ ಹಿಮನದಿಯ ಮೇಲೆಯೇ ಇದನ್ನೆಲ್ಲ ಕಲಿಸುತ್ತವೆ. ಅಂದ ಹಾಗೆ, ಕೋಟೆಯ ಬಂಡೆಯನ್ನೂ ಹಗ್ಗವಿಲ್ಲದೆ ಹತ್ತಬೇಡಿ; ಹಿರಿಯನಾಗಿ ಈ ಮಾತು ಹೇಳದೆ ಮುಂದೆ ಹೋಗಲಾರೆ.

ಪ್ರಶ್ನೆ: ಹಟ್‌ನಲ್ಲಿ ತಂಗಲು ಏನೇನು ಒಯ್ಯಬೇಕು? ಅಲ್ಲಿಯ ರೀತಿ ರಿವಾಜು ತಿಳಿಸಿ. (ಹಿರಿಯೂರು)

ಉತ್ತರ: ಬೂಟು, ಅದರ ಅಡಿಗೆ ಕಟ್ಟುವ ಮುಳ್ಳಿನ ಕ್ರಾಂಪಾನ್, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಹಿಮಗೊಡಲಿ ಇವೆಲ್ಲ ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ. ಒಳ್ಳೆಯ ಕಪ್ಪು ಕನ್ನಡಕವನ್ನು ಮಾತ್ರ ನಿಮ್ಮದೇ ಒಯ್ಯಿರಿ: ಎತ್ತರ ಸಾವಿರ ಮೀಟರ್ ಏರಿದಂತೆಲ್ಲ ಅತಿನೇರಳೆ ಕಿರಣಗಳು ಶೇ 10ರಷ್ಟು ಹೆಚ್ಚುತ್ತವೆ, ಹೊಸ ಹಿಮ ಅವುಗಳಲ್ಲಿ ಶೇ 80ರವರೆಗೆ ಮರಳಿ ಮುಖಕ್ಕೇ ಎಸೆಯುತ್ತದೆ. ನನ್ನ ಮೂಗಿನ ಹೊಳ್ಳೆಗಳ ಒಳಗಡೆ ಸುಟ್ಟಿತ್ತು, ಬಿಸಿಲು ಕೆಳಗಿನಿಂದ ಬಂದಿತ್ತು.

ಕಂಬಳಿ ಅವರು ಕೊಡುತ್ತಾರೆ. ಆದರೆ ಅದನ್ನು ದಿನವೂ ಒಗೆಯಲು ನೀರಿಲ್ಲದ ಕಾರಣ ಅದರೊಳಗೆ ಮಲಗಲು ತೆಳುಬಟ್ಟೆಯ ಚೀಲವೊಂದನ್ನು ಪ್ರತಿಯೊಬ್ಬರೂ ತರಬೇಕು. ಅಲ್ಲಿಯ ಅಂಗಡಿಯಲ್ಲಿ ರೇಷ್ಮೆಯದರ ಬೆಲೆ ಕೇಳಿದ್ದ ಮಗ ಫೋನಿನಲ್ಲಿ ಹೇಳಿದಾಗ, ಒಂದು ಕಾಲಕ್ಕೆ ಬಟ್ಟೆ ಗಿರಣಿಗಳಿಗೆ ಹೆಸರಾದ ಊರಿನವನಾಗಿ ನಾನು ಸುಮ್ಮನಿರಲಿಲ್ಲ. ಎರಡು ಹತ್ತಿಯ ಪಂಚೆ ಕೊಂಡು ನಮ್ಮ ಬೀದಿಯ ದರ್ಜಿಗೆ ಕೊಟ್ಟೆ: ಉದ್ದ ಏಳೂಕಾಲು ಅಡಿ, ಅಗಲ ಮೂರಡಿ ಒಳಗೆ, ತಲೆಯ ಕಡೆ ದಿಂಬು ತೂರಿಸಲು ಒಂದು ಮಡಿಕೆ, ಒಂದು ಪಕ್ಕ ಒಂದೂವರೆ ಅಡಿ ಹೊಲಿಗೆಯಿಲ್ಲದೆ ಬಿಟ್ಟದ್ದು. ಆತ ಅಳತೆ ಬರೆದುಕೊಂಡವನು ತಲೆಯೆತ್ತಿ, ಯಾರಿಗೆ ಸಾರ್ ಇದು ಎಂದು ಕೇಳಿದ ಧ್ವನಿಯಲ್ಲೇ ಅವನು ಏನೆಂದುಕೊಂಡ ಎಂಬುದು ತಿಳಿಯಿತು. ಪಂಚೆಯ ಅಂಚು ಹಸಿರು. ಹಟ್‌ನಲ್ಲಿ ಇಬ್ಬರು ಅದನ್ನು ಎಲ್ಲಿ ಕೊಂಡಿರಿ ಎಂದು ವಿಚಾರಿಸಿದರು.

ರೀತಿ ರಿವಾಜು ಬಾಗಿಲಲ್ಲೇ ಶುರುವಾಗುತ್ತದೆ. ನಮ್ಮ ಮನೆಗಳ ಹಾಗೆಯೇ ಬೂಟು ಹೊರಗೆ. ಒಳಗೆ ಓಡಾಡಲು ಅವರ ಚಪ್ಪಲಿ. ಹಿಮಗೊಡಲಿ, ಕ್ರಾಂಪಾನ್, ಕೋಲು ಯಾವುದೂ ಮಲಗುವ ಕೋಣೆಗೆ ಹೋಗುವಂತಿಲ್ಲ. ಹಲವು ವರ್ಷಗಳ ಹಿಂದೆ ಬೇರೊಂದು ಹಟ್‌ನಲ್ಲಿ ನಾನು ಬಾಡಿಗೆ ಬೂಟನ್ನು ಗೂಡಿನಲ್ಲಿಟ್ಟು ನಿಶ್ಚಿಂತೆಯಿಂದ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಅದೇ ಅಂಗಡಿಯ, ಅದೇ ಬಣ್ಣದ, ಒಂದು ಅಳತೆ ಚಿಕ್ಕ ಬೂಟು ಕುಳಿತಿತ್ತು. ನನ್ನದನ್ನು ಹಾಕಿಕೊಂಡವನು ಮೂರೂವರೆಗೇ ಕತ್ತಲಲ್ಲಿ ಶಿಖರಕ್ಕೆ ಹೊರಟಾಗಿತ್ತು. ಅವನು ಮಧ್ಯಾಹ್ನ ಮರಳುವವರೆಗೆ ಚಪ್ಪಲಿಯಲ್ಲಿ ಜಗಲಿಯ ಮೇಲೆ ಕುಳಿತು ಬೆಟ್ಟ ನೋಡಿದೆ. ಅಂದಿನಿಂದ ಬೂಟಿನ ಲಾಡಿಗೆ ಹಳದಿ ಕೆಂಪು ದಾರ ಕಟ್ಟುತ್ತೇನೆ.

ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿರುತ್ತದೆ. ಹೆಸರು, ಊರು, ಎಲ್ಲಿಂದ ಬಂದಿರಿ, ಮುಂದೆ ಎಲ್ಲಿಗೆ ಎಂದು ಅದರಲ್ಲಿ ಬರೆಯಬೇಕು. ಚಹಾ ಕುಡಿದು ಮುಂದೆ ಹೋಗುವವರೂ ಬರೆಯುವುದು ಒಳ್ಳೆಯದು. ಯಾರಾದರೂ ಮರಳದಿದ್ದರೆ ಹುಡುಕುವವರು ಮೊದಲು ತೆರೆಯುವುದು ಅದನ್ನೇ. ಅಭಿಮಾನದಿಂದ ನಾನು ಊರಿನ ಕಾಲಂನಲ್ಲಿ ಕನ್ನಡ ಅಕ್ಷರದಲ್ಲಿ ದಾವಣಗೆರೆ ಎಂದು ಬರೆದೆ. ಮೇಲ್ವಿಚಾರಕಿ ಅದನ್ನು ನೋಡಿ, ಬಹಳ ಚೆನ್ನಾಗಿದೆ, ಕೆಳಗೆ ರಕ್ಷಣಾ ಪಡೆಯವರು ಓದುವ ಅಕ್ಷರದಲ್ಲೂ ಬರೆಯಿರಿ ಎಂದರು. ಬರೆದೆ. ಇನ್ನು, ನೀವು ಒಯ್ದ ಕಸ ನಿಮ್ಮ ಚೀಲದಲ್ಲೇ ಕೆಳಗಿಳಿಯಬೇಕು. ಕಂಬಳಿ ಮಡಿಸಿಟ್ಟು ಹೊರಡಬೇಕು. ಕಾರ್ಡ್ ಯಂತ್ರ ಕೈಕೊಡಬಹುದಾದ್ದರಿಂದ ನಗದು ಹಣ ಇರಲಿ.

ಪ್ರಶ್ನೆ: ಆ ಹಟ್‌ಗೆ ಹತ್ತಬೇಕಾದ ಮೆಟ್ಟಿಲುಗಳ ಸಂಖ್ಯೆ ಹೆಚ್ಚುತ್ತಲೇ ಇದೆ ಎಂದು ಬರೆದಿದ್ದೀರಿ. ಹಟ್ ಮೇಲೇರುತ್ತಿದೆಯೆ? (ಸಿರಿಗೆರೆಯ ವಿದ್ಯಾರ್ಥಿನಿ)

ಉತ್ತರ: ಹಟ್ ಇದ್ದಲ್ಲೇ ಇದೆ, ಮಗೂ, ಹಿಮನದಿ ತಗ್ಗುತ್ತಿದೆ. 1877ರಲ್ಲಿ ಅಲ್ಲಿ ಮೊದಲ ಹಟ್ ಕಟ್ಟಿದಾಗ ಅದು ಮಂಜುಗಡ್ಡೆಯ ಮೇಲ್ಮೈಯಿಂದ ಸುಮಾರು 50 ಮೀಟರ್ ಮೇಲಿತ್ತು. ಈಗ ಆ ಅಂತರ 150 ಮೀಟರಿಗಿಂತಲೂ ಹೆಚ್ಚು. ಬಂಡೆಗೆ ಕಬ್ಬಿಣದ ಮೆಟ್ಟಿಲು ಬಿಗಿದು, ಹಿಮ ತಗ್ಗಿದಂತೆ ಬುಡದಲ್ಲಿ ಇನ್ನಷ್ಟು ಮೆಟ್ಟಿಲು ಜೋಡಿಸುತ್ತ ಬಂದಿದ್ದಾರೆ. ಈಗ 450ಕ್ಕೂ ಹೆಚ್ಚಿವೆ. ಹತ್ತುವಾಗ ಪಕ್ಕದ ಬಂಡೆಯನ್ನು ಗಮನಿಸಿ ನೋಡಿದೆ: ಕೆಳಗಿನ ಭಾಗ ಉಜ್ಜಿ ತೊಳೆದಂತೆ ತಿಳಿಬಣ್ಣ, ಕಲ್ಲುಹೂವಿನ ಒಂದು ಕಲೆಯೂ ಇಲ್ಲ, ಮೇಲೆ ಹೋದಂತೆ ಬಂಡೆ ಕಪ್ಪಾಗುತ್ತದೆ. ಆ ತಿಳಿಬಣ್ಣದ ಎತ್ತರದವರೆಗೆ ಹಿಂದೆ ಗಡ್ಡೆ ತುಂಬಿತ್ತು. ವಾಣಿವಿಲಾಸ ಸಾಗರದ ನೀರು ಇಳಿದ ವರ್ಷ ದಂಡೆಯ ಮೇಲೆ ಉಳಿಯುವ ಗೆರೆಯನ್ನು ನೀವು ನೋಡಿರಬಹುದು, ಅದೇ ಬಗೆಯದು. ನಮ್ಮ ಜಲಾಶಯ ಒಂದು ಒಳ್ಳೆಯ ಮಳೆಗಾಲಕ್ಕೆ ಮತ್ತೆ ಏರುತ್ತದೆ. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023 ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಶೇ 10ರಷ್ಟನ್ನು ಕಳೆದುಕೊಂಡವು.

ಪ್ರಶ್ನೆ: ಸ್ವಿಟ್ಜರ್ಲೆಂಡ್ ನಮ್ಮಂಥವರ ಕೈಗೆಟುಕುವುದಿಲ್ಲ. ನಮ್ಮ ದೇಶದಲ್ಲೇ ಇಂತಹ ರಾತ್ರಿ ಕಳೆಯಲು ಜಾಗವಿದೆಯೆ? (ಹರಿಹರ)

ಉತ್ತರ: ಇದೆ, ಅದೂ ಗಂಗೆಯ ಉಗಮದ ಬಳಿ. ಗಂಗೋತ್ರಿಯಿಂದ ಭಾಗೀರಥಿಯ ದಂಡೆಯ ಮೇಲೆ ಸುಮಾರು 14 ಕಿಲೋಮೀಟರ್ ನಡೆದರೆ ಭೋಜಬಾಸಾ. ಎತ್ತರ ಸುಮಾರು 3,800 ಮೀಟರ್, ಅಂದರೆ ನಾನು ತಂಗಿದ್ದ ಹಟ್‌ಗಿಂತಲೂ ಹೆಚ್ಚುಕಡಿಮೆ ಸಾವಿರ ಮೀಟರ್ ಮೇಲೆ. ಗಢವಾಲ್ ಮಂಡಲ ವಿಕಾಸ ನಿಗಮದ ತಂಗುದಾಣವೂ ಒಂದು ಆಶ್ರಮವೂ ಅಲ್ಲಿವೆ. ಮಾರನೆಯ ಬೆಳಿಗ್ಗೆ ಇನ್ನು ನಾಲ್ಕೈದು ಕಿಲೋಮೀಟರ್ ನಡೆದರೆ ಗೋಮುಖ: ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ಮೂತಿ. ದಿನಕ್ಕೆ 150 ಜನರಿಗೆ ಮಾತ್ರ ಅನುಮತಿಪತ್ರ ಕೊಡುವುದರಿಂದ ಮೊದಲೇ ಮಾಡಿಸಿಕೊಳ್ಳಬೇಕು. ಗಂಗೋತ್ರಿ ದೇವಸ್ಥಾನದ ಬಾಗಿಲು ಅಕ್ಷಯ ತದಿಗೆಯ ಹೊತ್ತಿಗೆ ತೆರೆದು ದೀಪಾವಳಿಯ ಹೊತ್ತಿಗೆ ಮುಚ್ಚುತ್ತದೆ. ಮಳೆಗಾಲ ಬಿಟ್ಟು ಮೇ, ಜೂನ್ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು.

ಆಲ್ಪ್ಸ್‌ನ ಅಚ್ಚುಕಟ್ಟನ್ನು ಅಲ್ಲಿ ನಿರೀಕ್ಷಿಸಬೇಡಿ. ಚಪ್ಪಲಿ ಕೊಡುವವರಿಲ್ಲ, ತಿಂಡಿ ಎಷ್ಟು ಗಂಟೆಗೆ ಎಂದು ಕೇಳುವವರಿಲ್ಲ. ಆದರೆ ಬಿಸಿಬಿಸಿ ಬೇಳೆ, ಅನ್ನ, ಚಪಾತಿ ಸಿಗುತ್ತದೆ, ಖಾರವೂ ಇರುತ್ತದೆ. ದಾರಿ ಕಾಲ್ನಡಿಗೆಯದು, ಹಗ್ಗ ಬೇಕಿಲ್ಲ. ಗೋಮುಖದ ಗಡ್ಡೆಯ ಗೋಡೆಯ ಬುಡಕ್ಕೆ ಮಾತ್ರ ಹೋಗಬೇಡಿ, ಅಲ್ಲಿಂದ ತುಂಡುಗಳು ಹೇಳದೆ ಕೇಳದೆ ಕಳಚುತ್ತವೆ. ಹಿಮನದಿ ದಾಟಿ ತಪೋವನಕ್ಕೆ ಹೋಗುವ ಮನಸ್ಸಿದ್ದರೆ ಗೈಡ್ ಇಲ್ಲದೆ ಹೊರಡಬೇಡಿ. ಗಂಗೋತ್ರಿಯೇ 3,000 ಮೀಟರ್ ಮೇಲಿದೆ. ಬಸ್ಸಿಳಿದ ಮರುದಿನವೇ ಭೋಜಬಾಸಾಕ್ಕೆ ಓಡುವವರಲ್ಲಿ ಅನೇಕರು ರಾತ್ರಿಯಿಡೀ ತಲೆನೋವಿನಿಂದ ಹೊರಳಾಡುತ್ತಾರೆ. ಹರ್ಸಿಲ್‌ನಲ್ಲಿ ಒಂದು ರಾತ್ರಿ, ಗಂಗೋತ್ರಿಯಲ್ಲಿ ಎರಡು ರಾತ್ರಿ ಉಳಿದು ಹೋಗಿ. ನನ್ನನ್ನು ಕೇಳಿದರೆ, ಆಲ್ಪ್ಸ್‌ಗೆ ಹೋಗುವ ಅನುಕೂಲ ಇದ್ದವರೂ ಮೊದಲು ಭೋಜಬಾಸಾದಲ್ಲಿ ಒಂದು ರಾತ್ರಿ ಮಲಗಿ ನೋಡುವುದು ಮೇಲು. ಎತ್ತರ ನಿಮ್ಮ ದೇಹಕ್ಕೆ ಒಗ್ಗುತ್ತದೆಯೋ ಇಲ್ಲವೋ ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ.

ಪ್ರಶ್ನೆ: ನಮ್ಮೂರ ಕಂಬಳಿ ಒಯ್ದರೆ ಹೇಗೆ? (ಚಳ್ಳಕೆರೆ)

ಉತ್ತರ: ಆಲ್ಪ್ಸ್‌ಗಾದರೆ ಬೇಡ, ಅಲ್ಲಿ ಕೊಡುತ್ತಾರೆ, ನಿಮ್ಮ ಬೆನ್ನಿಗೆ ವೃಥಾ ಭಾರ. ಭೋಜಬಾಸಾಕ್ಕಾದರೆ ಒಯ್ಯಿರಿ. ಅಲ್ಲಿ ಕೊಡುವ ರಜಾಯಿಯ ಮೇಲೆ ಅದನ್ನೂ ಹೊದ್ದರೆ ನಡುರಾತ್ರಿ ಏಳಬೇಕಾಗುವುದಿಲ್ಲ. ಆಣೆಕಲ್ಲು ಬಿದ್ದರೆ ಕುರಿ ಕಾಯುವವರ ಹಾಗೆ ಕೊಪ್ಪೆ ಹಾಕಿಕೊಂಡು ನಡೆಯಲೂ ಆಗುತ್ತದೆ.